ಊರು ಮೂರು ವರ್ಷ, ಆದೇಶ 137 ವರ್ಷ

ಅಮೆರಿಕದ ಮಿಸೌರಿ ರಾಜ್ಯದ ಬಯಲೊಂದರಲ್ಲಿ ಗಾಜು ಹೊದಿಸಿ ಕಾಪಾಡಿರುವ ನಾಲ್ಕು ಮೂಲೆಗಲ್ಲುಗಳಿವೆ. 1838ರ ಜುಲೈ 4ರಂದು ಅವನ್ನಿಟ್ಟರು. ಮಂದಿರ ಮೇಲೇಳಲೇ ಇಲ್ಲ. ಸುತ್ತಲಿದ್ದ ಫಾರ್ ವೆಸ್ಟ್ ಎಂಬ ಊರೂ ಉಳಿಯಲಿಲ್ಲ.

1830ರಲ್ಲಿ ಜೋಸೆಫ್ ಸ್ಮಿತ್ ಸ್ಥಾಪಿಸಿದ ಮಾರ್ಮನ್ ಪಂಥದವರು ಇದೇ ರಾಜ್ಯದ ಜಾಕ್ಸನ್, ಕ್ಲೇ ಕೌಂಟಿಗಳಿಂದ ಎದ್ದು ಬಂದು 1836ರಲ್ಲಿ ಈ ಊರು ಕಟ್ಟಿದರು. ಅವರಿಗೆಂದೇ ಸರ್ಕಾರ ಕಾಲ್ಡ್‌ವೆಲ್ ಕೌಂಟಿಯನ್ನು ರಚಿಸಿತು. ಜನ ಸಾವಿರಗಟ್ಟಲೆ ಸೇರಿ ಎಲ್ಲೆಯಾಚೆಗೂ ನೆಲೆಸತೊಡಗಿದಾಗ, ತಮ್ಮ ಜಮೀನು ಮತ್ತು ಮತಬಲ ಕೈತಪ್ಪೀತೆಂದು ಹಳಬರು ಅಂಜಿದರು. 1838ರಲ್ಲಿ ಮತಗಟ್ಟೆಯ ಬಳಿಯೇ ಹೊಡೆದಾಟವಾಯಿತು. ಮುಂದೆ ಎರಡೂ ಕಡೆಯವರು ಮನೆಗಳನ್ನು ಸುಟ್ಟರು.

ಅಕ್ಟೋಬರ್ 27ರಂದು ಗವರ್ನರ್ ಲಿಲ್ಬರ್ನ್ ಬಾಗ್ಸ್ ಆದೇಶಿಸಿದ: ಮಾರ್ಮನ್ನರನ್ನು ನಿರ್ನಾಮ ಮಾಡಿ, ಇಲ್ಲವೇ ರಾಜ್ಯದಿಂದ ಹೊರಗಟ್ಟಿ. ಮೂರು ದಿನಗಳ ಬಳಿಕ ಹಾನ್ಸ್ ಮಿಲ್ ಎಂಬಲ್ಲಿ ದಾಳಿಕಾರರು 17 ಮಂದಿಯನ್ನು ಕೊಂದರು. ಆ ಚಳಿಗಾಲದಲ್ಲೇ ಸಾವಿರಾರು ಮಂದಿ ಮಿಸಿಸಿಪಿ ದಾಟಿ ಇಲಿನಾಯ್‌ಗೆ ಹೋದರು.

ಆದೇಶವನ್ನು ವಿಷಾದದೊಂದಿಗೆ ರದ್ದುಮಾಡಿದವರು ಗವರ್ನರ್ ಕ್ರಿಸ್ಟೋಫರ್ ಬಾಂಡ್, 1976ರಲ್ಲಿ. ಅಷ್ಟರಲ್ಲಿ ಮಾರ್ಮನ್ನರು ಮಿಸೌರಿಯಲ್ಲಿ ಮತ್ತೆ ನೆಲೆಸಿ ಎಷ್ಟೋ ಕಾಲವಾಗಿತ್ತು. ಜನ ಜನರೊಡನೆ ಹೇಗೋ ಹೊಂದಿಕೊಂಡಿದ್ದರು. ಸರ್ಕಾರದ ಕಡತ ಮಾತ್ರ ಅವರನ್ನಿನ್ನೂ ಶತ್ರುಗಳೆಂದೇ ಬರೆದಿಟ್ಟುಕೊಂಡಿತ್ತು.