ಕೇಪಿನ ಕೋವಿ: ಮದ್ದಿನ ಬಿಗಿತವೂ ಮೇಣದ ಕೆಲಸವೂ

ಮಲೆನಾಡಿನ ರೈತರು ಬೆಳೆ ರಕ್ಷಣೆಗೆ ಬಳಸುತ್ತ ಬಂದಿರುವ ಕೇಪಿನ ಕೋವಿಯೂ, 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದಲ್ಲಿ ಪೇಟೆಂಟ್ ಪಡೆದ ರಿವಾಲ್ವರೂ ಒಂದೇ ತತ್ತ್ವದವು. ಎರಡರಲ್ಲೂ ಕೇಪಿನ ಕಿಡಿ ಕರಿಮದ್ದನ್ನು ಹೊತ್ತಿಸುತ್ತದೆ.

ಕೋವಿಯ ನಳಿಗೆಗೆ ಮದ್ದು ಸುರಿದು, ನಾರು ಅಥವಾ ಬಟ್ಟೆಯನ್ನು ಬಿಗಿಯಾಗಿ ಇಡಿದು, ಚರೆ ಹಾಕಿ ಮತ್ತೆ ಮುಚ್ಚಲಾಗುತ್ತದೆ. ರಿವಾಲ್ವರಿನಲ್ಲಿ ಐದಾರು ಗೂಡುಗಳು ಅಕ್ಕಪಕ್ಕದಲ್ಲಿರುವುದರಿಂದ ಅಪಾಯ ಹೆಚ್ಚು. ಒಂದರ ಜ್ವಾಲೆ ನೆರೆಯ ಗೂಡಿಗೆ ನುಗ್ಗಿದರೆ ಹಲವು ಗುಂಡುಗಳು ಒಮ್ಮೆಗೇ ಸಿಡಿದು ಹಿಡಿದವನ ಕೈಗೇ ಗಾಯವಾದೀತು. ಆದ್ದರಿಂದ ಗೂಡಿಗಿಂತ ತುಸು ದಪ್ಪನೆಯ ಸೀಸದ ಗುಂಡನ್ನು ಒತ್ತಿ ಕೂರಿಸಲಾಗುತ್ತದೆ. ಅದರ ಅಡಿಯಲ್ಲಿ ಜೇನುಮೇಣ, ಕೊಬ್ಬು ಸವರಿದ ಉಣ್ಣೆಯ ಬಿಲ್ಲೆಯನ್ನಿಡುವುದು ಅಥವಾ ಮೇಲೆ ಗ್ರೀಸ್ ಬಳಿಯುವುದು ರೂಢಿ. ಹಿಂಬದಿಯ ಕೇಪು ಸಡಿಲವಿದ್ದರೆ ಈ ಎಚ್ಚರಿಕೆಯೂ ಸಾಲದು.

ಮೇಣಕ್ಕೆ ಇನ್ನೊಂದು ಕೆಲಸವಿದೆ. ಶೇ. 75ರಷ್ಟು ಪೆಟ್ಲುಪ್ಪು, 15ರಷ್ಟು ಇದ್ದಿಲು, 10ರಷ್ಟು ಗಂಧಕ ಬೆರೆತ ಕರಿಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಘನರೂಪದ ಹೊಗೆ, ಕಿಟ್ಟವಾಗುತ್ತದೆ. ಮೇಣ ಈ ಕಿಟ್ಟವನ್ನು ಮೃದುವಾಗಿಡುತ್ತದೆ. ಪೆಟ್ರೋಲಿಯಂ ಗ್ರೀಸ್ ಅದನ್ನು ಡಾಂಬರಿನಂತೆ ಗಟ್ಟಿಯಾಗಿಸುತ್ತದೆ. ಕಿಟ್ಟ ತೇವ ಹೀರುವುದರಿಂದ ಮಲೆನಾಡಿನ ಮಳೆಗಾಲದಲ್ಲಿ ನಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಬಳಸಿದ ದಿನವೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರುವುದೇ ಇದಕ್ಕೆ ಪರಿಹಾರ.