ಯಂಗ್ ಕಂಟೆಂಪೊರರೀಸ್

ಬ್ರಿಟನ್ನಿನ ಕಲಾಶಾಲೆಗಳ ವಿದ್ಯಾರ್ಥಿಗಳ ಕೃತಿಗಳನ್ನು ಆಯ್ದು ಸಹೃದಯರ ಮುಂದಿರಿಸುವ ಉದ್ದೇಶದಿಂದ 1949ರಲ್ಲಿ, ಚಿತ್ರಕಾರ ಕ್ಯಾರೆಲ್ ವೇಟ್ ಅವರ ಪ್ರೇರಣೆಯಿಂದ, ಲಂಡನ್ನಿನಲ್ಲಿ ಪ್ರಾರಂಭವಾದ ಕಲಾಪ್ರದರ್ಶನ. ಇದರ ಇತಿಹಾಸದಲ್ಲಿ ಚಿರಸ್ಮರಣೀಯವಾದುದು 1961ರ ಪ್ರದರ್ಶನವೇ ಸರಿ: ರಾಯಲ್ ಕಾಲೇಜ್ ಆಫ್ ಆರ್ಟ್‌ನ ಡೇವಿಡ್ ಹಾಕ್ನಿ, ಆರ್. ಬಿ. ಕಿಟಾಜ್, ಡೆರೆಕ್ ಬೋಷಿಯರ್, ಪೀಟರ್ ಫಿಲಿಪ್ಸ್ ಮೊದಲಾದವರ ಚಿತ್ರಗಳನ್ನು ಒಂದೆಡೆ ಸೇರಿಸಿ ತೂಗುಹಾಕಿದುದರಿಂದ, ಗೋಡೆಗೀಚಿನಂಥ ಅಕ್ಷರಗಳನ್ನೂ ಜೂಜುಯಂತ್ರಗಳ ಬಣ್ಣಗಳನ್ನೂ ಜಾಹೀರಾತಿನ ಚಿಹ್ನೆಗಳನ್ನೂ ನಿಸ್ಸಂಕೋಚವಾಗಿ ಕ್ಯಾನ್ವಾಸಿಗೆ ತಂದ ಹೊಸ ಪೀಳಿಗೆಯೊಂದು, ಬಿಡಿಬಿಡಿಯಾಗಿ ನೋಡಿದ್ದರೆ ಹೊಳೆಯದಿದ್ದ ಏಕತೆಯೊಡನೆ, ವಿಮರ್ಶಕರಿಗೆ ಗೋಚರವಾಯಿತು. ಬ್ರಿಟಿಷ್ ಪಾಪ್ ಕಲೆಯ ಖ್ಯಾತಿಗೆ ಇದು ಬಹುಮಟ್ಟಿಗೆ ಕಾರಣ. ಯಂಗ್ ಕಂಟೆಂಪೊರರೀಸ್ 1974ರಲ್ಲಿ ‘ನ್ಯೂ ಕಂಟೆಂಪೊರರೀಸ್’ ಎಂಬ ಹೆಸರನ್ನು ತಳೆದು, ಕೆಲಕಾಲ ಸ್ಥಗಿತಗೊಂಡು, 1989ರಲ್ಲಿ ಪುನರಾರಂಭವಾಯಿತು. ಆ ವರ್ಷ ಕಲಾವಿದ ಡೇಮಿಯನ್ ಹರ್ಸ್ಟ್ ಭಾಗವಹಿಸಿದರು. ಕರ್ತೃವಿನ ಹೆಸರನ್ನು ಮರೆಮಾಡಿ ಕೃತಿಯನ್ನಷ್ಟೇ ಪರಿಶೀಲಿಸಿ ಆರಿಸುವುದು ಇದರ ಅತ್ಯಂತ ಶ್ಲಾಘ್ಯವಾದ ಕ್ರಮ.