ರೋಗಿಯ ಜೊತೆಗಿರುವವರು: ಭಾರತದ ಮನೋವೈದ್ಯಕೀಯದಲ್ಲಿ ಕುಟುಂಬದ ಸ್ಥಾನ

ಭಾರತದ ಮಾನಸಿಕ ಆಸ್ಪತ್ರೆಗಳಲ್ಲಿ ರೋಗಿಯ ಮನೆಯವರು ಹಾಸಿಗೆಯ ಪಕ್ಕದಲ್ಲೇ ಉಳಿದುಕೊಳ್ಳುವುದು ಇಂದು ಸಹಜವೆನಿಸಿದ್ದರೂ, ಈ ರೂಢಿ ಬೆಳೆದುಬಂದದ್ದು ಸ್ವಾತಂತ್ರ್ಯಾನಂತರದ ದಶಕಗಳಲ್ಲಿ. ವಸಾಹತು ಕಾಲದ ಹುಚ್ಚಾಸ್ಪತ್ರೆಯು ಎತ್ತರದ ಗೋಡೆಗಳೊಳಗೆ ರೋಗಿಯನ್ನು ಸಮಾಜದಿಂದ ಬೇರ್ಪಡಿಸುವ ಸಂಸ್ಥೆಯಾಗಿತ್ತು. 1912ರ ಲೂನಸಿ ಕಾಯ್ದೆಯಡಿ ದಾಖಲಾತಿಯು ಬಹುಮಟ್ಟಿಗೆ ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ನಡೆಯುತ್ತಿತ್ತು, ಬಂಧುಗಳು ಅರ್ಜಿ ಕೊಡಬಹುದಿತ್ತಾದರೂ ಚಿಕಿತ್ಸೆಯಲ್ಲಿ ಅವರಿಗೆ ಪಾತ್ರವಿರಲಿಲ್ಲ. 1946ರಲ್ಲಿ ದೇಶದ ಆರೋಗ್ಯ ವ್ಯವಸ್ಥೆಯನ್ನು ಪರಿಶೀಲಿಸಿದ ಭೋರ್ ಸಮಿತಿ ವರದಿ ಸಲ್ಲಿಸಿದಾಗ ಇಡೀ ದೇಶದ ಮಾನಸಿಕ ಆಸ್ಪತ್ರೆಗಳಲ್ಲಿದ್ದ ಹಾಸಿಗೆಗಳು ಸುಮಾರು ಹತ್ತು ಸಾವಿರ ಮಾತ್ರ. ಉಳಿದ ರೋಗಿಗಳೆಲ್ಲರ ಭಾರವನ್ನು ಮನೆಗಳೇ ಹೊತ್ತಿದ್ದವು ಎಂಬುದು ಈ ಒಂದು ಅಂಕಿಯಿಂದಲೇ ತಿಳಿಯುತ್ತದೆ.

ಈ ಕೊರತೆಯ ನಡುವೆಯೇ 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಡಾ. ವಿದ್ಯಾಸಾಗರ್ ಹೊಸ ದಾರಿಯೊಂದನ್ನು ತೆರೆದರು. ಆಸ್ಪತ್ರೆ ಕಿಕ್ಕಿರಿದು ತುಂಬಿತ್ತು, ಸಿಬ್ಬಂದಿ ಸಾಲದಾಗಿತ್ತು. ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಯ ಜೊತೆ ಮನೆಯವರೂ ತಂಗುವಂತೆ ಮಾಡಿ, ಕಾಯಿಲೆಯ ಸ್ವರೂಪವನ್ನು ಎಲ್ಲರಿಗೂ ಒಟ್ಟಾಗಿ ವಿವರಿಸತೊಡಗಿದರು. ರೋಗಿಗಳು ಬೇಗ ಚೇತರಿಸಿಕೊಂಡು ಮನೆಗೆ ಮರಳಿದರು. ಮನೆಯವರಲ್ಲಿ ಭಯವೂ ಮೂಢನಂಬಿಕೆಯೂ ಕಡಿಮೆಯಾದವು. 1957ರಲ್ಲಿ ಆರಂಭವಾದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮಾನಸಿಕ ಆರೋಗ್ಯ ಕೇಂದ್ರವು ಇದನ್ನೇ ನಿಯಮವಾಗಿಸಿ, ರೋಗಿಯೊಂದಿಗೆ ಬಂಧುವೊಬ್ಬರು ಉಳಿಯಲೇಬೇಕೆಂದು ವಿಧಿಸಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹಳೆಯ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ 1974ರಲ್ಲಿ ನಿಮ್ಹಾನ್ಸ್ ಆದ ಬಳಿಕ, ಅಲ್ಲಿಯೂ ಇಡೀ ಕುಟುಂಬವನ್ನೇ ಚಿಕಿತ್ಸೆಯ ಘಟಕವೆಂದು ಪರಿಗಣಿಸುವ ಕುಟುಂಬ ಮನೋವೈದ್ಯಕೀಯ ವಿಭಾಗ ಬೆಳೆಯಿತು.

ಮನೆಮಂದಿಯ ಒಡನಾಟವೇ ಔಷಧಿಯೆಂದು ಈ ಪ್ರಯೋಗಗಳನ್ನು ಹೊಗಳುವುದು ವಾಡಿಕೆ, ಮತ್ತು ಆ ಹೊಗಳಿಕೆಯಲ್ಲಿ ಸತ್ಯವಿದೆ. ಆದರೆ ದಾದಿಯರ ಕೊರತೆಯನ್ನು ತಾಯಿ, ಹೆಂಡತಿ, ಅಕ್ಕತಂಗಿಯರ ಸಂಬಳವಿಲ್ಲದ ದುಡಿಮೆ ತುಂಬಿಕೊಟ್ಟಿತೆಂಬುದೂ ಅಷ್ಟೇ ಸತ್ಯ. ಊಟ ಮಾಡಿಸುವುದು, ಸ್ನಾನ ಮಾಡಿಸುವುದು, ಮಾತ್ರೆ ನುಂಗಿಸುವುದು, ರಾತ್ರಿ ಎದ್ದು ಕಾಯುವುದು ಇವೆಲ್ಲ ಅವರ ಪಾಲಿಗೆ ಬಂದವು. ಅವರು ಊರಿನಲ್ಲಿ ಬಿಟ್ಟುಬಂದ ಹೊಲ, ಕೂಲಿ, ಮಕ್ಕಳ ಶಾಲೆ ಆಸ್ಪತ್ರೆಯ ಲೆಕ್ಕಕ್ಕೆ ಸಿಗಲಿಲ್ಲ.

ಆ ಲೆಕ್ಕವನ್ನು ಬರೆದಿಡುವ ಗಟ್ಟಿ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆಯಿತು. ನಿಮ್ಹಾನ್ಸ್‌ನಲ್ಲಿದ್ದ ಶೈಲಾ ಪೈ ಮತ್ತು ಆರ್. ಎಲ್. ಕಪೂರ್ 1981ರಲ್ಲಿ ‘ಕುಟುಂಬದ ಹೊರೆ’ಯನ್ನು, ಅಂದರೆ ಒಬ್ಬರ ಕಾಯಿಲೆಯಿಂದ ಉಳಿದವರ ಬದುಕಿಗಾಗುವ ನಷ್ಟವನ್ನು, ಅಳೆಯುವ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಅದರಲ್ಲಿ 24 ಅಂಶಗಳಿದ್ದು, ಅವನ್ನು ಹಣಕಾಸು, ದಿನಚರಿ, ಬಿಡುವು, ಮನೆಯೊಳಗಿನ ಸಂಬಂಧ, ಇತರರ ದೈಹಿಕ ಆರೋಗ್ಯ ಮತ್ತು ಮಾನಸಿಕ ಆರೋಗ್ಯ ಎಂಬ ಆರು ವಿಭಾಗಗಳಲ್ಲಿ ಜೋಡಿಸಲಾಗಿತ್ತು. ಪ್ರತಿಯೊಂದಕ್ಕೂ ಹೊರೆಯಿಲ್ಲದಿದ್ದರೆ ಸೊನ್ನೆ, ಮಧ್ಯಮವಾಗಿದ್ದರೆ ಒಂದು, ತೀವ್ರವಾಗಿದ್ದರೆ ಎರಡು ಅಂಕ. ಚಿಕಿತ್ಸೆಗಾಗಿ ಸಾಲ ಮಾಡಬೇಕಾಯಿತೇ, ಮನೆಯ ಬೇರೊಬ್ಬರ ಬಿಡುವಿನ ವೇಳೆ ಇದಕ್ಕೇ ಹೋಯಿತೇ, ಯಾರಾದರೂ ತೂಕ ಕಳೆದುಕೊಂಡರೇ, ನಿದ್ದೆಗೆಟ್ಟು ಖಿನ್ನರಾದರೇ ಎಂಬಂಥ ಸಂಗತಿಗಳನ್ನು ಸಂದರ್ಶಕರು ಮನೆಯವರಿಂದ ವಿಚಾರಿಸುತ್ತಿದ್ದರು. ಅಲ್ಲಿಯವರೆಗೆ ರೋಗಿಯ ಬಗ್ಗೆ ಮಾಹಿತಿ ಒದಗಿಸುವ ಸಾಕ್ಷಿಯಷ್ಟೇ ಆಗಿದ್ದ ಬಂಧು, ಇಲ್ಲಿ ಸ್ವತಃ ಸಂಕಟಕ್ಕೊಳಗಾದ ವ್ಯಕ್ತಿಯಾಗಿ ವೈದ್ಯಕೀಯ ದಾಖಲೆಯನ್ನು ಪ್ರವೇಶಿಸಿದರು. ಇದೇ ಸಂಶೋಧಕರು ಮುಂದೆ ನಡೆಸಿದ ಅಧ್ಯಯನದಲ್ಲಿ, ದಾದಿ ಮನೆಗೇ ಹೋಗಿ ಚಿಕಿತ್ಸೆಯ ಮೇಲ್ವಿಚಾರಣೆ ನಡೆಸಿದಾಗ ಕುಟುಂಬದ ಹೊರೆ ಆಸ್ಪತ್ರೆಯ ದಾಖಲಾತಿಗಿಂತ ಕಡಿಮೆಯಾದದ್ದು ಕಂಡುಬಂತು: ಅಂದರೆ ಮನೆಯಲ್ಲಿ ಆರೈಕೆ ಸಾಧ್ಯ, ಆದರೆ ಮನೆಯವರನ್ನು ಒಂಟಿಯಾಗಿ ಬಿಡಬಾರದು.

ಅಳತೆಯಿಂದ ಹಕ್ಕಿನವರೆಗಿನ ದಾರಿ ದೀರ್ಘವಾಗಿತ್ತು. 1987ರ ಮಾನಸಿಕ ಆರೋಗ್ಯ ಕಾಯ್ದೆಯು ಬಂಧುವನ್ನು ಮುಖ್ಯವಾಗಿ ದಾಖಲಾತಿಗೆ ಅರ್ಜಿ ಸಲ್ಲಿಸುವವರೆಂದೇ ಗುರುತಿಸಿತು. 1990ರ ದಶಕದಲ್ಲಿ ಬೆಂಗಳೂರಿನ ಅಮೆಂಡ್‌ನಂಥ ಸ್ವಸಹಾಯ ಸಂಘಟನೆಗಳಲ್ಲಿ ರೋಗಿಗಳ ಮನೆಯವರು ತಾವೇ ಒಟ್ಟುಗೂಡಿ, ಪರಸ್ಪರ ಧೈರ್ಯ ಹೇಳಿಕೊಳ್ಳುವುದರ ಜೊತೆಗೆ ತಮ್ಮ ಬೇಡಿಕೆಗಳನ್ನೂ ಮುಂದಿಡತೊಡಗಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆಯನ್ನು ಸಾಮಾಜಿಕ ಭದ್ರತೆಯ ಯೋಜನೆಗಳಲ್ಲಿ ಸೇರಿಸಿತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಆರೈಕೆದಾರರು ಯಾರೆಂದು ವ್ಯಾಖ್ಯಾನಿಸಿ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಅವರ ಪ್ರತಿನಿಧಿಗಳಿಗೆ ಸ್ಥಾನ ಕೊಟ್ಟು, ಸರ್ಕಾರ ಒದಗಿಸಬೇಕಾದ ಸೇವೆಗಳಲ್ಲಿ ಕುಟುಂಬಕ್ಕೆ ಬೆಂಬಲವನ್ನೂ ಹೆಸರಿಸಿತು.

ಈ ಕಾಯ್ದೆಯ ಕೇಂದ್ರದಲ್ಲಿರುವುದು ರೋಗಿಯ ಸ್ವಾಯತ್ತತೆ. ತನ್ನ ಪರವಾಗಿ ಮಾತನಾಡುವ ಪ್ರತಿನಿಧಿಯನ್ನು ರೋಗಿಯೇ ನೇಮಿಸಬಹುದು. ಬಂಧುಗಳ ಅರ್ಜಿಯ ಮೇಲೆ ಮನುಷ್ಯರನ್ನು ಕೂಡಿಹಾಕುತ್ತಿದ್ದ ಕಾಲವನ್ನು ನೆನೆದರೆ ಇದು ನ್ಯಾಯವಾದ ತಿದ್ದುಪಡಿ. ಆರೈಕೆದಾರರು ಕೇಳಬೇಕಾದದ್ದು ರೋಗಿಯ ಮೇಲಿನ ಅಧಿಕಾರವನ್ನಲ್ಲ, ತಮ್ಮ ಆರೋಗ್ಯ, ನಿದ್ದೆ, ಸಂಪಾದನೆ ಮತ್ತು ಬಿಡುವಿನ ಮೇಲಿನ ಹಕ್ಕನ್ನು. ಮನೆಯವರಿಗೆ ಕೆಲವು ದಿನಗಳ ವಿಶ್ರಾಂತಿ ಸಿಗುವಂತೆ ಬೇರೆಯವರು ಹೊಣೆ ವಹಿಸಿಕೊಳ್ಳುವ ಬದಲಿ ಆರೈಕೆಯನ್ನು 2017ರ ಕಾಯ್ದೆ ಆರೈಕೆದಾರರ ಹಕ್ಕೆಂದು ಹೇಳುವುದಿಲ್ಲ. ಕುಟುಂಬವನ್ನು ಹಲವು ದಶಕಗಳಿಂದ ಚಿಕಿತ್ಸೆಯ ಆಧಾರವಾಗಿ ಬಳಸಿಕೊಂಡ ವ್ಯವಸ್ಥೆಯು ಅದಕ್ಕೆ ಸಲ್ಲಿಸಬೇಕಾದ ಮೊದಲ ಬಾಕಿ ಇದೇ.